ದನಿ ಕೆಡಿಸುವ ಡಬ್ಬಿ

ಅಂದು ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಗಣಪತಿ ಪೆಂಡಾಲು. ವೇದಿಕೆಯ ಎಡಗಡೆಯ ಸ್ಪೀಕರಿಗೂ ಪ್ರಸಾದದ ಬಕೆಟ್ಟಿಗೂ ನಡುವೆ ನಿಂತಿದ್ದೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಗಣಪತಿ ಕೂರಿಸಿದ ಐದನೆಯ ದಿನ, ಸಂಜೆಯ ಆರತಿ ಮುಗಿದು ಆರ್ಕೆಸ್ಟ್ರಾ ಶುರುವಾದ ಹೊತ್ತು. ಅಲ್ಲಿಂದ ವೇದಿಕೆಯೂ ಕಾಣುತ್ತಿತ್ತು, ಮುಂದಿನ ಸಾಲಿನ ಕುರ್ಚಿಗಳೂ ಕಾಣುತ್ತಿದ್ದವು. ಯಾವ ಕಂಬವೂ ಅಡ್ಡ ಇರಲಿಲ್ಲ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅಂದು ನಾನು ಕಂಡದ್ದನ್ನು ನಮ್ಮ ಕಾಕಾ ಇಂದಿಗೂ ನಂಬುವುದಿಲ್ಲ. ಕಾಕಾ ನಂಬುವ ವಸ್ತುಗಳು ಈ ಜಗತ್ತಿನಲ್ಲಿ ಎರಡೇ, ಮೀಟರಿನ ಮುಳ್ಳು ಮತ್ತು ತನ್ನ ಕಿವಿ. ಅಣ್ಣನ ಮಗನ ಕಣ್ಣು ಆ ಪಟ್ಟಿಯಲ್ಲಿ ಇಲ್ಲ.

ಕಾಕಾ ನನ್ನ ಅಪ್ಪನ ತಮ್ಮ. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದ. ಕಮರಿಪೇಟೆಯಲ್ಲಿ ಅವನದೊಂದು ರೇಡಿಯೋ, ಆಂಪ್ಲಿಫೈಯರ್ ರಿಪೇರಿಯ ಅಂಗಡಿ. ಸಂಜೆಯಾದರೆ ಬಸಣ್ಣ ಎಂಬವರ ಆರ್ಕೆಸ್ಟ್ರಾದಲ್ಲಿ ಗಿಟಾರು. ಊರಿನ ಮೈಕುಗಳಿಂದ ಗರಗರ ತೆಗೆಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಅಂಥವನು ಒಂದು ದಿನ ಗರಗರ ಹಾಕಲು ಹೊರಟ. ಧಾರವಾಡ ಕೂಗಳತೆಯಲ್ಲಿದೆ, ಅಲ್ಲಿ ಒಂದು ಸ್ವರ ಶುದ್ಧವಾಗಲಿ ಎಂದು ಜನ ವರ್ಷಗಟ್ಟಲೆ ತಂಬೂರಿಯ ಮುಂದೆ ಕೂರುತ್ತಾರೆ. ಇಲ್ಲಿ ನಮ್ಮ ಕಾಕಾ ಚೆನ್ನಾಗಿದ್ದ ದನಿಯನ್ನು ಕೆಡಿಸಲು ಬೆಸುಗೆ ಕಡ್ಡಿ ಕಾಯಿಸುತ್ತಿದ್ದ.

ತಪ್ಪು ಬಸಣ್ಣನವರ ಹೊಸ ಕೀಬೋರ್ಡಿನದು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಹೊಸ ಹಿಂದಿ ಹಾಡುಗಳ ಆ ಹರಕು ಗಿಟಾರಿನ ದನಿ ಬರುತ್ತಿತ್ತು.

"ಇದು ನಿನ್ನ ಗಿಟಾರ್‌ನ್ಯಾಗ ಬರ್ತೈತೇನಪಾ?" ಎಂದು ಬಸಣ್ಣ ಕೇಳಿದರಂತೆ. "ಐದನೇ ದಿನದ ಕಾರ್ಯಕ್ರಮದ ಮಟಾ ಬಂತಂದ್ರ ನಿನ್ನ ಕುರ್ಚಿ ನಿಂದ. ಬರ್ಲಿಲ್ಲಂದ್ರ ಈ ಕೀಬೋರ್ಡ್ ಪೆಟ್ಟಿಗಿನ ಎಲ್ಲಾ ಬಾರಸ್ತೈತಿ. ಅದಕ್ಕ ಚಾ ಸೈತ ಬೇಕಾಗಂಗಿಲ್ಲ."

ಅಂಥ ದನಿ ಕೊಡುವ ಡಬ್ಬಿ ಮುಂಬೈಯಲ್ಲಿ ಸಿಗುತ್ತಿತ್ತು. ಕಾಲಿನಿಂದ ಒತ್ತಿದರೆ ಗಿಟಾರು ಗರ್ಜಿಸುತ್ತದೆ, ಮತ್ತೆ ಒತ್ತಿದರೆ ಸುಮ್ಮನಾಗುತ್ತದೆ. ಕೊಳ್ಳುವ ಮಾತೇ ಇರಲಿಲ್ಲ. "ನಾನ ಮಾಡ್ತೇನಿ," ಎಂದ ಕಾಕಾ. "ಟ್ರಾನ್ಸಿಸ್ಟರ್‌ಗೆ ಅದರ ತಾಕತ್ತು ಮೀರಿ ಕೂಗು ಅನ್ನೂದು. ಗಂಟಲ ಹರೀತೈತಿ. ಆ ಹರದ ಗಂಟಲ ನಮಗ ಬೇಕು."

ಅಂದಿನಿಂದ ಅವನ ಅಂಗಡಿಯ ವ್ಯವಹಾರ ಕೆಟ್ಟಿತು. ಭಜನಾ ಮಂಡಳಿಯ ಹಿರಿಯರೊಬ್ಬರು ಗೊರಗುಟ್ಟುವ ಆಂಪ್ಲಿಫೈಯರ್ ತಂದರು. ಕಾಕಾ ಅದನ್ನು ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ.

"ಇದನ್ನ ರಿಪೇರಿ ಮಾಡಸಬ್ಯಾಡ್ರಿ. ಇಂಥಾ ದನಿ ದೇವ್ರು ಕೊಡಬೇಕ್ರಿ."

"ದೇವ್ರು ಕೊಟ್ಟಿದ್ದಲ್ಲೋ ತಮ್ಮಾ, ಇಲಿ ಕೊಟ್ಟಿದ್ದು. ವೈರ್ ಕಡದೈತಿ, ನೋಡು," ಎಂದರು ಹಿರಿಯರು.

ಮೊದಲ ಡಬ್ಬಿಯನ್ನು ಕಾಕಾ ಕಟ್ಟಿಗೆಯಲ್ಲಿ ಮಾಡಿದ. ನೋಡಲು ಅಂದವಾಗಿತ್ತು, ಅವ್ವ ಅದನ್ನು ಕುಂಕುಮದ ಪೆಟ್ಟಿಗೆ ಮಾಡಿಕೊಳ್ಳುತ್ತೇನೆಂದು ಕೇಳಿದ್ದಳು. ತಾಲೀಮಿನ ದಿನ ಕಾಕಾ ಅದರ ಗುಂಡಿ ಒತ್ತಿದ. ಗಿಟಾರು ಗರ್ಜಿಸಲಿಲ್ಲ. ಗಂಭೀರವಾದ ಗಂಡುದನಿಯಲ್ಲಿ, ಹತ್ತಿಯ ಬೆಳೆಗೆ ಕಾಯಿಕೊರಕದ ಬಾಧೆ ಕಂಡುಬಂದಲ್ಲಿ ರೈತ ಬಾಂಧವರು ಏನು ಮಾಡಬೇಕೆಂದು ಹೇಳತೊಡಗಿತು. ಕಟ್ಟಿಗೆಯ ಡಬ್ಬಿ ರೇಡಿಯೋದ ಅಲೆಗಳನ್ನು ತಡೆಯುವುದಿಲ್ಲ. ಒಳಗಿನ ತಂತಿಗಳೆಲ್ಲ ಸೇರಿ ಧಾರವಾಡದ ಕೃಷಿ ಕಾರ್ಯಕ್ರಮವನ್ನು ಹಿಡಿದುಬಿಟ್ಟಿದ್ದವು. ಕಾಕಾ ಗಾಬರಿಯಿಂದ ತಂತಿ ಕೀಳಲು ಹೋದ. ಡೋಲಕ್ಕು ಬಾರಿಸುವ ಮೈಬೂನ ಮನೆಯವರು ಕುಂದಗೋಳದ ಕಡೆ ಹತ್ತಿ ಹಾಕಿದ್ದರು. ಮೈಬೂ ಕಾಕಾನ ಕೈ ಹಿಡಿದುಕೊಂಡ.

"ತಡೀರಿ ತಡೀರಿ, ಈಗ ಔಷಧದ ಹೆಸರು ಹೇಳ್ತಾನ."

ಹಾಗಾದರೆ ಲೋಹದ ಡಬ್ಬಿಯೇ ಬೇಕು. ಅಪ್ಪ ರೈಲ್ವೆ ವರ್ಕ್‌ಶಾಪಿಗೆ ಒಯ್ಯುತ್ತಿದ್ದ ಊಟದ ಡಬ್ಬಿ ನಿವೃತ್ತಿಯ ನಂತರ ಮಾಳಿಗೆಯಲ್ಲಿ ಬಿದ್ದಿತ್ತು. ಕಾಕಾ ಅದಕ್ಕೆ ತೂತು ಕೊರೆದ. ಇವತ್ತಿಗೂ ಮುಚ್ಚಳ ತೆಗೆದರೆ ಟ್ರಾನ್ಸಿಸ್ಟರುಗಳ ನಡುವಿನಿಂದ ಮಾವಿನ ಉಪ್ಪಿನಕಾಯಿಯ ವಾಸನೆ ಬರುತ್ತದೆ.

ಇನ್ನು ಕಾಲಿನ ಗುಂಡಿ. ಪೇಟೆಯಲ್ಲಿ ಸಿಗುವ ಗುಂಡಿಗಳೆಲ್ಲ ಬೆರಳಿಗೆ ಮಾಡಿದವು. ಕಾಕಾನ ಒಂದು ತುಳಿತಕ್ಕೆ ಅಪ್ಪಚ್ಚಿಯಾದವು. ಕೊನೆಗೆ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಗುಜರಿಗೆ ಹೊರಟಿದ್ದ ಒಂದು ಲಾರಿಯ ಡಿಪ್ಪರ್ ಸ್ವಿಚ್ ಬಿಚ್ಚಿಸಿಕೊಂಡು ಬಂದ. ಎದುರಿನ ಗಾಡಿ ಬಂದಾಗ ಡ್ರೈವರು ದೀಪ ತಗ್ಗಿಸಲು ಎಡಗಾಲಿನಿಂದ ತುಳಿಯುತ್ತಾನಲ್ಲ, ಅದು. ಲಾರಿ ಡ್ರೈವರುಗಳ ಕಾಲನ್ನು ತಡೆದುಕೊಂಡ ಸ್ವಿಚ್ಚು ಕಾಕಾನಿಗೆ ಹೆದರೀತೇ? ಆದರೆ ಅದನ್ನು ಒತ್ತಲು ಅವನು ಕುರ್ಚಿಯಿಂದ ಅರ್ಧ ಏಳಬೇಕಾಗುತ್ತಿತ್ತು.

"ಬಾರ್ಸಾಕ ಹತ್ಯಾನೋ, ಪುಣೆಕ್ಕ ಲಾರಿ ಹೊಡ್ಯಾಕ ಹತ್ಯಾನೋ?" ಎಂದು ಅವ್ವ ಅಡುಗೆಮನೆಯಿಂದ ಕೇಳುತ್ತಿದ್ದಳು.

ಎಲ್ಲ ಜೋಡಿಸಿದರೂ ದನಿ ಮಾತ್ರ ಬರಲಿಲ್ಲ. ಬೆಂಕಿಪೊಟ್ಟಣದಲ್ಲಿ ಹಾಕಿದ ಕಣಜದ ಹುಳುವಿನಂತೆ ಗುಂಯ್‌ಗುಟ್ಟುತ್ತಿತ್ತು. ಹೊಸ ಟ್ರಾನ್ಸಿಸ್ಟರುಗಳ ಗಂಟಲು ಹಾಗೆಯೇ, ಚೂಪಾಗಿ ಹರಿಯುತ್ತದೆ. ಮೆತ್ತಗೆ, ದಪ್ಪಗೆ ಹರಿಯುವ ಗಂಟಲು ಹಳೆಯ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರಿನದು. ಅದು ಅಂಗಡಿಗಳಿಂದ ಮಾಯವಾಗಿತ್ತು. ಕಾಕಾನಿಗೆ ಗೊತ್ತಿದ್ದ ಹಾಗೆ ಜೀವಂತವಿದ್ದ ಜೋಡಿ ಒಂದೇ, ಅಪ್ಪನ ರೇಡಿಯೋದೊಳಗೆ.

ಅಪ್ಪನ ವಿಷಯ ಹೇಳಬೇಕು. ವರ್ಕ್‌ಶಾಪಿನ ಸುತ್ತಿಗೆಗಳು ಅವರ ಕಿವಿಯನ್ನು ಬಹುಪಾಲು ತಿಂದಿದ್ದವು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಆ ರೇಡಿಯೋವನ್ನು ಬಲಗಿವಿಗೆ ಒತ್ತಿ ಹಿಡಿದು ಗಾಯನ ಕೇಳುತ್ತಿದ್ದರು. ದಿನದಲ್ಲಿ ಅವರಿಗೆ ಸರಿಯಾಗಿ ಕೇಳುತ್ತಿದ್ದದ್ದು ಅದೊಂದೇ. ತಮ್ಮನ ಗಿಟಾರನ್ನು ಅವರು ಎಂದೂ ಕೇಳಿದವರಲ್ಲ. ಅದನ್ನು ರೇಡಿಯೋದಂತೆ ಕಿವಿಗೆ ಒತ್ತಿ ಹಿಡಿಯಲು ಬರುತ್ತಿರಲಿಲ್ಲ.

ಕಾಕಾ ಕೇಳಲೂ ಇಲ್ಲ, ಬಿಡಲೂ ಇಲ್ಲ. ದಿನಾ ಸಂಜೆ "ಧೂಳ ಹೊಡೀತೇನಿ" ಎಂದು ರೇಡಿಯೋ ಬಿಚ್ಚುವುದು, ಒಳಗೆ ನೋಡುವುದು, ಮುಚ್ಚಿ ಇಡುವುದು.

"ಕನ್ಯಾ ನೋಡಾಕ ಬಂದವರಂಗ ದಿನಾ ನೋಡಿ ಹೊಕ್ಕೀಯಲ್ಲೋ," ಎಂದಳು ಅವ್ವ. "ಒಪ್ಪಿಗಿ ಐತೋ ಇಲ್ಲೋ ಒಂದ ಹೇಳು."

"ಸುಮ್ನಿರ್ರಿ ವೈನಿ," ಎಂದ ಕಾಕಾ. ಅವನ ಮುಖದಲ್ಲಿ ನಗು ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕಾಕಾ ಗಿಟಾರನ್ನು ಚೀಲಕ್ಕೆ ಹಾಕಿ ಮೂಲೆಗೆ ಇಟ್ಟಿದ್ದ. ಸಂಜೆ ಹೋಗಿ ಬಸಣ್ಣನವರಿಗೆ ಆಗಲಿಲ್ಲವೆಂದು ಹೇಳಿ ಬರುವುದೆಂದು ತೀರ್ಮಾನಿಸಿದ್ದ. ಅಪ್ಪ ಬಂದು ಅವನ ಮುಂದೆ ರೇಡಿಯೋ ಇಟ್ಟರು.

"ಇದು ಗರಗರ ಅನ್ನಾಕತ್ತೈತಿ. ಬ್ಯಾಸರಾಗೈತಿ ನನಗ. ನೀನ ಇಟ್ಕೋ."

ಕಾಕಾ ಹಚ್ಚಿ ನೋಡಿದ. ತೊಳೆದ ತಾಟಿನಂತೆ ಸ್ವಚ್ಛ ದನಿ.

"ಅಣ್ಣಾ, ಏನೂ ಗರಗರ ಇಲ್ಲಲ್ಲ ಇದರಾಗ."

"ನನಗ ಕೇಳ್ತೈತಿ. ಕಿವಿ ನಂದೋ, ನಿಂದೋ?"

ಅಷ್ಟು ಹೇಳಿ ಅಪ್ಪ ಕಟ್ಟೆಗೆ ಹೋಗಿ ಬರಿಗೈಯಲ್ಲಿ ಕೂತರು. ಕಾಕಾ ಬಹಳ ಹೊತ್ತು ರೇಡಿಯೋವನ್ನು ಮುಟ್ಟಲಿಲ್ಲ. ಆಮೇಲೆ ಬೆಸುಗೆ ಕಡ್ಡಿ ಕಾಯಿಸಿದ.

ಈಗ ಪೆಂಡಾಲಿಗೆ ಬರುತ್ತೇನೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಅವ್ವ. ರೂಢಿಬಲದಿಂದ ಅವರ ಬಲಗೈ ಕಿವಿಯ ಹತ್ತಿರವೇ ಇತ್ತು, ಇಲ್ಲದ ರೇಡಿಯೋವನ್ನು ಹಿಡಿದವರ ಹಾಗೆ. ಎರಡನೆಯ ಹಾಡಿನ ನಡುವೆ ಕಾಕಾ ಕುರ್ಚಿಯಿಂದ ಅರ್ಧ ಎದ್ದು ಡಿಪ್ಪರ್ ತುಳಿದ.

ಆ ದನಿಯನ್ನು ಹೇಗೆ ಹೇಳಲಿ? ಕೆಟ್ಟ ದನಿಯೇ, ಆದರೆ ಬೆಲ್ಲದ ಪಾಕದಂತೆ ದಪ್ಪಗೆ, ಎಳೆದಷ್ಟೂ ಬಂತು. ಪ್ರಸಾದದ ಬಕೆಟ್ಟಿನ ಹಿಡಿಕೆ ನಡುಗಿದ್ದನ್ನು ನಾನು ಕಂಡೆ. ಕೀಬೋರ್ಡಿನವನು ಸೋತೆನೆಂಬಂತೆ ಎರಡೂ ಕೈ ಮೇಲೆತ್ತಿದ. ಆಗಲೇ ಅಪ್ಪ ಕಿವಿಯ ಬಳಿಯಿದ್ದ ಕೈಯನ್ನು ನಿಧಾನವಾಗಿ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಹಾಡು ಮುಗಿಯುವವರೆಗೆ ಅದು ಮೇಲೇಳಲಿಲ್ಲ. ಅವ್ವನಿಗೆ ಏನೋ ಹೇಳಿದರು. ಅದು ನನಗೆ ಕೇಳಲಿಲ್ಲ, ಸ್ಪೀಕರು ಪಕ್ಕದಲ್ಲಿತ್ತು. "ಇವತ್ತ ಕಿವಿಗೆ ಹಚ್ಚೂದು ಬ್ಯಾಡಾತು" ಎಂದರೆಂದು ಮನೆಗೆ ಬಂದ ಮೇಲೆ ಅವ್ವ ಹೇಳಿದಳು.

ಕಾಕಾ ಇದನ್ನು ನೋಡಲಿಲ್ಲ. ಅವನ ಕಣ್ಣು ಕಾಲ ಬಳಿಯ ಡಬ್ಬಿಯ ಮೇಲಿತ್ತು. ಕುರ್ಚಿ ಉಳಿಯಿತು, "ಮುಂದಿನ ಕಾರ್ಯಕ್ರಮ ನವಲಗುಂದದಾಗ, ಡಬ್ಬಿ ಮರೀಬ್ಯಾಡ," ಎಂದರು ಬಸಣ್ಣ. ಮರುತಿಂಗಳು ಕಾಕಾ ಅಪ್ಪನಿಗೆ ಹೊಸ ರೇಡಿಯೋ ತಂದುಕೊಟ್ಟ, ಅಪ್ಪ ಅದನ್ನೂ ಕೊನೆಯವರೆಗೆ ಕಿವಿಗೆ ಹಿಡಿದರು. ಆದರೆ ಅಪ್ಪ ಹೋದ ಮೇಲೆ ಕಾಕಾನದು ಒಂದೇ ಮಾತು. "ಅಣ್ಣನ ರೇಡಿಯೋ ತಿಂದೆ ನಾ. ಅಂವಾ ಅವತ್ತು ನನ್ನ ಮರ್ಜಿ ಸಲುವಾಗಿ ಕುಂತಿದ್ದ. ಅಂವಗೇನು ಕೇಳಿರ್ತೈತಿ?"

ಕೇಳಿತ್ತು. ಕಂಡವನು ನಾನೊಬ್ಬನೇ ಅಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅವ್ವ ಇದ್ದಾಳೆ, ಕೇಳಿದರೆ ಈಗಲೂ ಕೈ ಇಳಿಸಿ ತೋರಿಸುತ್ತಾಳೆ. ವೇದಿಕೆಯ ಮೇಲಿಂದ ನೋಡಿದ ಡೋಲಕ್ಕಿನ ಮೈಬೂ ಇದ್ದಾನೆ, ತಾರಿಹಾಳದಲ್ಲಿ ಮಗನ ವರ್ಕ್‌ಶಾಪಿನ ಬಾಗಿಲಲ್ಲಿ ಕೂತಿರುತ್ತಾನೆ. ನಾನೂ ಇದ್ದೇನೆ. ಕಾಕಾ, ಮೂವರಲ್ಲಿ ಯಾರನ್ನು ಬೇಕಾದರೂ ಕೇಳು.