ಕಾಕಾನ ಗಾಡಿಯ ರೆಕ್ಕೆ

ನೆಲ ಬಿಡಬಾರದೆಂದು ಗಾಡಿಗೆ ರೆಕ್ಕೆ ಕಟ್ಟಿದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲದಿದ್ದರೆ ವಿಜಯಪುರಕ್ಕೆ ಬನ್ನಿ, ನಮ್ಮ ಕಾಕಾನನ್ನು ತೋರಿಸುತ್ತೇನೆ. ರೆಕ್ಕೆ ಇರುವುದೇ ಹಾರುವುದಕ್ಕೆ ಎಂದು ಜಗತ್ತೆಲ್ಲ ನಂಬಿಕೊಂಡಿದೆಯಲ್ಲ, ಕಾಕಾನ ಪ್ರಕಾರ ಅದು ಹಕ್ಕಿಗಳು ಹಬ್ಬಿಸಿದ ಸುದ್ದಿ! ರೆಕ್ಕೆಯನ್ನು ಬೋರಲು ಹಾಕಿದರೆ ಗಾಳಿ ಗಾಡಿಯನ್ನು ಕೆಳಕ್ಕೆ ಒತ್ತುತ್ತದೆ, ಒತ್ತಿದರೆ ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಹಿಡಿದರೆ ತಿರುವಿನಲ್ಲಿ ಗಾಡಿ ಜಾರುವುದಿಲ್ಲ. ಇದಿಷ್ಟನ್ನೂ ಅವನು ಮೊಬೈಲಿನಲ್ಲಿ ಬೈಕ್ ರೇಸು ನೋಡಿ ಕಲಿತ. ಮೊಣಕಾಲು ನೆಲಕ್ಕೆ ತಾಗುವಷ್ಟು ವಾಲಿ ತಿರುಗುವ ಆ ಹುಡುಗರನ್ನು ನೋಡುತ್ತ ಕೂತರೆ ತಾಟಿನಲ್ಲಿದ್ದ ರೊಟ್ಟಿ ಒಣಗಿದ್ದೂ ಅವನಿಗೆ ಗೊತ್ತಾಗುವುದಿಲ್ಲ. ಹಾಗಂತ ಅವನದೇನು ರೇಸಿನ ಗಾಡಿಯೇ? ಮದುವೆಯಾದ ಹೊಸದರಲ್ಲಿ ಕೊಂಡ ಹಳೇ ಬೈಕು. ಎದುರುಗಾಳಿ ಬೀಸಿದರೆ ಮುಂದೆ ಹೋಗಲೋ ಬೇಡವೋ ಎಂದು ವಿಚಾರ ಮಾಡುತ್ತದೆ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಕಾಕಾನದು ಕೂಲರ್ ಮಾಡುವ ಅಂಗಡಿ. ತಗಡು ಕತ್ತರಿಸುವುದು, ಬಗ್ಗಿಸುವುದು, ಫ್ಯಾನು ಕೂರಿಸುವುದು, ಇದೇ ಅವನ ಬದುಕು. ಅವನ ಹೆಂಡತಿ, ನಮ್ಮ ಕಾಕಿ, ಮೈ ಕೈ ತುಂಬಿಕೊಂಡಿದ್ದ ಹೆಂಗಸು. ಪ್ರತಿ ಅಮಾವಾಸ್ಯೆಗೆ ಇಬ್ಬರೂ ಅದೇ ಗಾಡಿಯಲ್ಲಿ ಟಿಕೋಟ ದಾಟಿ ಘೋಣಸಗಿಯ ನಮ್ಮ ಹೊಲಕ್ಕೆ ಹೋಗುತ್ತಿದ್ದರು. ಕಾಕಿ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು, ತೊಡೆಯ ಮೇಲೆ ಹೋಳಿಗೆಯ ಗಂಟು ಇಟ್ಟುಕೊಂಡು, ಒಂದು ಕೈ ಕಾಕಾನ ಭುಜದ ಮೇಲೆ ಇಡುತ್ತಿದ್ದಳು. ಟಿಕೋಟ ದಾಟಿದ ಮೇಲೆ ಒಂದು ತಿರುವಿದೆ, ಯಾವಾಗಲೂ ಜಲ್ಲಿಕಲ್ಲಿನ ಕಡಿ ಚೆಲ್ಲಿರುತ್ತದೆ. ಅಲ್ಲಿ ಎಷ್ಟೋ ಜನ ಬಿದ್ದಿದ್ದಾರೆ, ಕಾಕಾ ಮಾತ್ರ ಒಮ್ಮೆಯೂ ಬಿದ್ದವನಲ್ಲ. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ.

“ಇಕಿ ಹಿಂದ ಕುಂತ್ಲಂದ್ರ ಗಾಲಿ ರಸ್ತಾ ಬಿಡೂದಿಲ್ಲ ನೋಡ್ರಿ.”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಕಾಕಿ. ನಕ್ಕು, ಅವನ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು.

ಹೋದ ವರ್ಷ ಜ್ವರದ ನೆವವಾಗಿ ಕಾಕಿ ಹೋಗಿಬಿಟ್ಟಳು. ಆ ಹೊಲದಲ್ಲೇ ಬೇವಿನ ಮರದ ಕೆಳಗೆ ಅವಳನ್ನು ಮಣ್ಣು ಮಾಡಿದೆವು. ಮುಂದಿನ ಅಮಾವಾಸ್ಯೆಗೆ ಕಾಕಾ ಒಬ್ಬನೇ ಗಾಡಿ ತೆಗೆದ. ಆ ತಿರುವಿನಲ್ಲಿ ಹಿಂದಿನ ಗಾಲಿ ಕಡಿಯ ಮೇಲೆ ಸ್ವಲ್ಪ ಜಾರಿತಂತೆ, ಅಲ್ಲಿಂದಲೇ ತಿರುಗಿ ಬಂದ. ಅದರ ಮುಂದಿನ ಅಮಾವಾಸ್ಯೆಗೂ ಅಲ್ಲಿಂದಲೇ ವಾಪಸು. ಮಣ್ಣು ಮಾಡಿದ ದಿನ ಬಿಟ್ಟರೆ ಹೆಂಡತಿಯ ಸಮಾಧಿಯನ್ನು ಅವನು ಮತ್ತೆ ನೋಡಲೇ ಇಲ್ಲ. ನಮ್ಮ ಕಾರಿನಲ್ಲಿ ಬಾ ಎಂದರೆ ಒಲ್ಲೆ ಎಂದ. ಹೋಗಲಿ, ಬಸ್ಸಿಗಾದರೂ ಹೋಗು ಎಂದೆ.

“ಕಂಡಕ್ಟರ್ ಎಷ್ಟ ಟಿಕೀಟು ಅಂತ ಕೇಳ್ತಾನ ಯವ್ವಾ. ಒಂದು ಅನ್ನಾಕ ಬಾಯಿ ಬರೂದಿಲ್ಲ.”

ಅವನಿಗೆ ರೆಕ್ಕೆಯ ಹುಚ್ಚು ಹಿಡಿದದ್ದು ಆಮೇಲೆ.

ಮೊದಲು ಗಾಳಿ ಗಾಡಿಯ ಮೇಲೆ ಹೇಗೆ ಹರಿಯುತ್ತದೆ ಎಂದು ನೋಡಬೇಕಲ್ಲ? ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ದೊಡ್ಡ ಕೂಲರ್ ಹಚ್ಚಿ, ಕಟ್ಟುಗಟ್ಟಲೆ ಊದಿನಕಡ್ಡಿಯ ಹೊಗೆ ಬಿಟ್ಟ. ಹೊಗೆ ಎಲ್ಲಿ ಸುತ್ತಿಕೊಳ್ಳುತ್ತದೋ ಅಲ್ಲಿ ತಗಡು ಬಗ್ಗಿಸಬೇಕೆಂದು ಕಣ್ಣು ಮಿಟುಕಿಸದೆ ಕೂತ. ಸಂತೆಗೆ ಬಂದಿದ್ದ ಇಟ್ಟಂಗಿಹಾಳದ ಮುದುಕಿಯೊಬ್ಬಳು ಇದ್ಯಾವುದೋ ಜಾಗೃತ ದೇವರೆಂದು ಗಾಡಿಗೆ ಕೈಮುಗಿದು, ಸೀಟಿನ ಮೇಲೆ ಕಾಯಿ ಇಟ್ಟು ಹೋದಳು! ಸಂಜೆ ಅದೇ ಕಾಯಿಯ ಚಟ್ನಿ ನಮ್ಮೆಲ್ಲರ ಮನೆಗೂ ಬಂತು.

ಬಬಲೇಶ್ವರದ ಬೀಗರು ನನ್ನ ತಂಗಿಯ ಮದುವೆ ಮಾತುಕತೆಗೆ ನಮ್ಮ ಮನೆಗೆ ಬಂದಾಗಲೂ ಕಾಕಾ ಬಿಡಲಿಲ್ಲ. ಎರಡು ಹಾಳೆ ಎದುರುಬದುರು ಹಿಡಿದು, ನಡುವೆ ಊದಿರಿ ಎಂದು ವರನ ಅಪ್ಪನಿಗೆ ಗಂಟುಬಿದ್ದ. ಪಾಪ, ಆ ಹಿರಿಯರು ಗಲ್ಲ ಉಬ್ಬಿಸಿ ಊದಿದರು. ಹಾಳೆಗಳು ದೂರ ಹೋಗುವ ಬದಲು ಹತ್ತಿರ ಬಂದು ಅಂಟಿಕೊಂಡವು. ಗಾಡಿ ವಾಲಿದಾಗ ಅದರ ಹೊಟ್ಟೆಗೆ ಕಟ್ಟುವ ತಗಡಿಗೂ ರಸ್ತೆಗೂ ನಡುವೆ ಗಾಳಿ ಹೀಗೇ ನುಗ್ಗಿ ಗಾಡಿಯನ್ನು ನೆಲಕ್ಕೆ ಎಳೆದುಕೊಳ್ಳುತ್ತದೆ ಎಂದು ಕಾಕಾ ವಿವರಿಸಿದ. ಬೀಗರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಸಂಬಂಧವಂತೂ ಕುದುರಿತು.

ಕಡೆಗೆ ಗಾಡಿಯ ಅವತಾರ ನೋಡಬೇಕಿತ್ತು! ಮುಂದೆ ತಗಡಿನ ಮೂತಿ, ಎರಡೂ ಬದಿಗೆ ಬೋರಲು ರೆಕ್ಕೆ, ಕೆಳಗೆ ಉಬ್ಬಿದ ಹೊಟ್ಟೆ, ಸೀಟಿನ ಹಿಂದೆ ಇನ್ನೊಂದು ಅಗಲವಾದ ರೆಕ್ಕೆ. ಪಕ್ಕದ ಕಾಳಿನ ಅಂಗಡಿಯ ತೂಕದ ಯಂತ್ರ ತಂದು ಹಿಂದಿನ ಗಾಲಿಯ ಕೆಳಗೆ ಇಟ್ಟ. ಅಂಗಡಿಯಲ್ಲಿದ್ದ ಕೂಲರ್‌ಗಳನ್ನೆಲ್ಲ ಒಟ್ಟಿಗೇ ಹಚ್ಚಿದ. ಓಣಿಯವರ ಟೋಪಿಗಳು ಹಾರಿದವು, ತೂಕದ ಮುಳ್ಳು ಮಾತ್ರ ಅಲುಗಾಡಲಿಲ್ಲ. ಎಷ್ಟು ತೂಕ ಬರಬೇಕಿತ್ತು ಎಂದು ಕಾಳಿನ ಸಾಹುಕಾರರು ಕೇಳಿದರೆ ಕಾಕಾ ಒಂದೊಂದೇ ಕೂಲರ್ ಆರಿಸಿದ.

ಕಾಕಿ ಹೋಗಿ ವರ್ಷ ತುಂಬುವ ಅಮಾವಾಸ್ಯೆ ಬಂತು. ಮನೆಯವರೆಲ್ಲ ಕಾರಿನಲ್ಲಿ ಮುಂದೆ ಹೋದರು. ಕಾಕಾ ರೆಕ್ಕೆಯ ಗಾಡಿಯಲ್ಲಿ ಹೊರಟ, ನಾನು ನನ್ನ ಸ್ಕೂಟಿಯಲ್ಲಿ ಅವನ ಬೆನ್ನಿಗೆ. ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು. ಟಿಕೋಟ ದಾಟಿತು. ತಿರುವು ಕಂಡಿತು. ಕಾಕಾ ಗಾಡಿ ನಿಲ್ಲಿಸಿಬಿಟ್ಟ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ರೇಸಿನ ವೇಗದಲ್ಲಿ ಆ ರೆಕ್ಕೆಗಳು ನಿಜವಾಗಿಯೂ ಗಾಡಿಯನ್ನು ನೆಲಕ್ಕೆ ಒತ್ತುತ್ತವೆ, ಕಾಕಾ ಹೋಗುವ ವೇಗದಲ್ಲಿ ಒಂದು ಹಿಡಿ ಜೋಳದಷ್ಟೂ ಇಲ್ಲ. ಇಷ್ಟು ದಿನ ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದೆ. ಅಂದು ಮೆಲ್ಲಗೆ ಹೇಳಿದೆ. ಅವನು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ.

“ಗೊತ್ತೈತಿ ಯವ್ವಾ. ಜೋರ ಹೋಗಬೇಕು. ಜೋರ ಹೋದ್ರ ನಿಮ್ಮ ಕಾಕಿ ಭುಜಾ ಒತ್ತತಿದ್ಲು, ಸಾವಕಾಶ ಅಂತ. ಮೊನ್ನೆ ಜೋರ ಹೋಗಿ ನೋಡಿದ್ನಿ. ಯಾರೂ ಒತ್ತಲಿಲ್ಲ.”

ನಾವು ನಕ್ಕ ಆ ತಗಡೆಲ್ಲ ಹಿಂದಿನ ಖಾಲಿ ಸೀಟಿನ ಸಲುವಾಗಿಯೇ ಇತ್ತು. ಸ್ಕೂಟಿಯನ್ನು ಚಹಾದಂಗಡಿಯ ಪಕ್ಕ ನಿಲ್ಲಿಸಿದೆ. ಅದರಲ್ಲಿ ತಂದಿದ್ದ ಹೋಳಿಗೆಯ ಗಂಟು ತೆಗೆದುಕೊಂಡು, ಕಾಕಿಯ ಹಾಗೆ ಒಂದೇ ಬದಿಗೆ ಕಾಲು ಹಾಕಿ ಅವನ ಹಿಂದೆ ಕೂತೆ, ಒಂದು ಕೈ ಅವನ ಭುಜದ ಮೇಲಿಟ್ಟೆ. ಕಾಕಾ ಗಾಡಿ ಚಾಲೂ ಮಾಡಿದ. ಸಾವಕಾಶವಾಗಿ ತಿರುವಿನೊಳಗೆ ಇಳಿದೆವು. ಗಾಲಿಯ ಕೆಳಗೆ ಕಡಿ ಕರಕರ ಎಂದಿತು.

“ಭಾಳ ಹಗರ ಅದಿ ಯವ್ವಾ ನೀ,” ಎಂದ ಕಾಕಾ.

ಗಂಟನ್ನು ತೊಡೆಯ ಮೇಲೆ ಬಿಟ್ಟು, ಎರಡೂ ಕೈಯಿಂದ ಅವನ ಭುಜವನ್ನು ನನ್ನ ಶಕ್ತಿಯಿದ್ದಷ್ಟು ಒತ್ತಿ ಹಿಡಿದೆ.