ಕುಸುಬೆ ಎಣ್ಣೆಯ ಹಳದಿ ಕ್ಯಾಪ್ಸುಲ್

ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗುವ ಮನಸ್ಸಿಗೆ ಮಾತ್ರ ಬರ. ಮಸ್ಕತ್‌ನ ಹಮ್ರಿಯಾದಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದಾಗ, ಎರಡು ಸಾವಿರದ ಏಳೋ ಎಂಟೋ ಇರಬೇಕು, ತೂಕ ಇಳಿಸುತ್ತದೆಂಬ ಲಿನೋಲಿಕ್ ಆಮ್ಲದ ಹಳದಿ ಕ್ಯಾಪ್ಸುಲ್ ಬಂತು. ಮಾಲೀಕರು ಡಬ್ಬಿಗಳನ್ನು ಜೋಡಿಸಿಟ್ಟು, "ಮೊದಲು ನೀನು ತಿನ್ನು. ನಿನ್ನ ಹೊಟ್ಟೆ ನೋಡಿದ ಮೇಲೆ ಯಾರು ಕೊಳ್ತಾರೆ?" ಎಂದರು.

ನನಗೂ ಅವಸರವಿತ್ತು. ಮೂರು ತಿಂಗಳಲ್ಲಿ ರಜೆ. ಊರು ಬಿಡುವಾಗ ಮಗಳಿಗೆ ಎರಡು ವರ್ಷ; ಈಗ ನಾಲ್ಕೂವರೆ. ಅವಳ ಪಾಲಿಗೆ ಅಪ್ಪನೆಂದರೆ ಗೋಡೆಯ ಮದುವೆ ಫೋಟೋದಲ್ಲಿರುವ ದಪ್ಪ ಮೀಸೆಯ ಸಣಕಲ. ಫೋನಿನಲ್ಲಿ, "ನಂಗೆ ಅಪ್ಪನ ಗುರ್ತ ಉಂಟು" ಅನ್ನುತ್ತಿದ್ದಳು. ನನಗೋ ಕನ್ನಡಿಯಲ್ಲಿ ನನ್ನದೇ ಗುರುತು ಸಿಗುತ್ತಿರಲಿಲ್ಲ.

೧. ಅತ್ತೆಯ ಸಾಕ್ಷಿ

ಅಲ್ ಖುವೈರ್ ಬಡಾವಣೆಯಿಂದ ಬಿಜಾಪುರ ಕಡೆಯ ಎಂಜಿನಿಯರರ ಹೆಂಡತಿ ಬಂದು ಗಂಡನಿಗೆಂದು ಒಂದು ಡಬ್ಬಿ ಒಯ್ದರು. ಗಂಡ ಮಾತ್ರೆ ನುಂಗುವ ಪೈಕಿ ಅಲ್ಲ. ಈಕೆ ಕ್ಯಾಪ್ಸುಲಿಗೆ ಸೂಜಿ ಚುಚ್ಚಿ ಎಣ್ಣೆ ಹಿಂಡಿ, ಶೇಂಗಾ ಚಟ್ನಿಪುಡಿಗೆ ಕಲಸಿ ಬಡಿಸಿದರು. ಗಂಡ ಎರಡು ರೊಟ್ಟಿ ಹೆಚ್ಚಿಗೇ ತಿಂದರಂತೆ.

"ಇದು ಯಾವ ಎಣ್ಣಿರೀ?" ಎಂದು ಕೇಳಲು ಬಂದರು.

"ಕುಸುಬೆ ಎಣ್ಣೆಯಿಂದ ಮಾಡಿದ್ದು," ಎಂದೆ.

ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದರು. "ಕುಸುಬಿ ಎಣ್ಣಿ? ನಮ್ಮತ್ತಿ ಹುಟ್ಟಿದಾಗಿಂದ ಅದನ್ನ ತಿಂದಾರ. ಅವರು ಬಾಗಲದಾಗ ಅಡ್ಡ ತಿರುಗೇ ಬರ್ತಾರ್ರೀ!"

೨. ಇಳಿದವನ ಫೋಟೋ

ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ, ಕಂಪೆನಿ ವ್ಯಾನಿನ ಡ್ರೈವರ್, ಒಂದು ಡಬ್ಬಿ ಕೊಂಡವನು ಎರಡೇ ತಿಂಗಳಲ್ಲಿ ಅರ್ಧವಾಗಿದ್ದ. ಮಾಲೀಕರು ಹಿಗ್ಗಿ ಅವನ ಫೋಟೋ ತೆಗೆದು ಅಂಗಡಿಯಲ್ಲಿ ತೂಗುಹಾಕಿದರು. ಆಸೆಯಿಂದ ನಾನೂ ಗುಟ್ಟಾಗಿ ಕೇಳಿದೆ: "ಎಷ್ಟು ನುಂಗಿದ್ರಿ?"

"ನಾಲ್ಕು. ಹೊಟ್ಟೆ ಕೆಟ್ಟಿತು, ಬಿಟ್ಟೆ."

"ಮತ್ತೆ ಇಳಿದದ್ದು?"

"ಕಂಪೆನಿ ಖಲಾಸ್ ಆಯ್ತಲ್ಲ ಡಾಕ್ಟ್ರೇ. ವ್ಯಾನನ್ನು ವೀಸಾ ಕೊಟ್ಟ ಕಫೀಲ್ ತಗೊಂಡ. ಕೆಲಸ ಹುಡುಕ್ಲಿಕ್ಕೆ ದಿನಾ ನಡೀತೇನೆ. ಊಟ ಒಂದೇ ಹೊತ್ತು."

ನನಗೆ ಸಂಕಟವಾಯಿತು. ಮಾಲೀಕರಿಗೆ ವಿಷಯ ಹೇಳಿ, ಫೋಟೋ ಕೆಳಗಿಳಿಸೋಣ ಎಂದೆ. ಅವರು ತಲೆ ಎತ್ತಲಿಲ್ಲ. "ಅಷ್ಟು ನಡೆಯೋ ಶಕ್ತಿ ಎಲ್ಲಿಂದ ಬಂತು, ಅದನ್ನು ಕೇಳು."

೩. ಗುರ್ತ

ಊಟಕ್ಕೆ ಮುಂಚೆ ಒಂದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಕ್ಯಾಪ್ಸುಲ್ ತಪ್ಪಬಾರದೆಂದು ನಾನು ಒಂದು ಊಟವನ್ನೂ ತಪ್ಪಿಸಲಿಲ್ಲ. ರಜೆಯ ಹೊತ್ತಿಗೆ ಎರಡು ಕಿಲೋ ಏರಿದ್ದೆ.

ಅದೇ ವಿಮಾನದಲ್ಲಿ ಡ್ರೈವರೂ ಇದ್ದ. ವೀಸಾ ರದ್ದಾಗಿ ಊರಿಗೇ ಹೊರಟಿದ್ದ. ಮಂಗಳೂರಿನಲ್ಲಿ ಇಬ್ಬರೂ ಒಟ್ಟಿಗೇ ಹೊರಬಂದೆವು. ಹೆಂಡತಿಯ ಕೈಹಿಡಿದು ನಿಂತಿದ್ದ ಮಗಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಸಣಕಲ ಮೈ, ದಪ್ಪ ಮೀಸೆ. ಕೈ ಬಿಡಿಸಿಕೊಂಡು ಓಡಿ, "ಅಪ್ಪಾ!" ಎಂದು ಅವನ ಕಾಲು ತಬ್ಬಿದಳು.

ಸುತ್ತಲಿನವರೆಲ್ಲ ನಕ್ಕರು, ಹೆಂಡತಿಯೂ ನಕ್ಕಳು. ಡ್ರೈವರ್ ದಿಕ್ಕು ತೋಚದೆ ಮಗುವನ್ನು ಎತ್ತಿಕೊಂಡು, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ಡಾಕ್ಟ್ರೇ, ನಿಮ್ಮ ಕ್ಯಾಪ್ಸುಲ್ ಕೆಲಸ ಮಾಡ್ತದೆ ಮಾರಾಯ್ರೆ."