ಕ್ವಾಂಟಂ ಗೋಡೆಗೆ ಕನ್ನ

ಇಷ್ಟಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಸೈರನ್ನು. ಚೀನಾದ ಹೆಫೇ ನಗರದ ಆ ಕಂಪನಿಯ ಕ್ವಾಂಟಂ ಯಂತ್ರ ಬೆಳಕಿನ ಕಣಗಳಲ್ಲಿ ಗುಟ್ಟಿನ ಅಂಕಿಗಳ ಕೀಲಿಯನ್ನು ಕಳಿಸುತ್ತಿತ್ತು. ನಡುವೆ ಯಾರಾದರೂ ಕೈ ಹಾಕಿದರೆ ಸೈರನ್ನು ಕೂಗುತ್ತಿತ್ತು. ಕಾವಲಿನ ಲಾವ್ ಪೆಂಗ್ ಓಡಿಬಂದು ಕೀಲಿಯನ್ನು ಅಳಿಸುತ್ತಿದ್ದ.

ಕೈ ಹಾಕುವುದೇ ಟಾನ್ ರೂಮೇಯ ಉದ್ಯೋಗ. ಯಂತ್ರದ ದೋಷ ತಿಳಿಯಲು ಕಂಪನಿಯೇ ಸಾಕಿಕೊಂಡ ಕಳ್ಳಿ ಅವಳು. ಬಂದಾಗಿನಿಂದ ಒಂದು ಕೀಲಿಯೂ ಸಿಕ್ಕಿರಲಿಲ್ಲ.

"ಸಂಜೆಯೊಳಗೆ ಒಂದಾದ್ರೂ ತೂತು ತೋರಿಸಮ್ಮ," ಎಂದರು ನಿರ್ದೇಶಕಿ ಯಿನ್. "ಇಲ್ಲಾಂದ್ರೆ ನಾಳೆ ನಿನ್ನ ವಿಭಾಗ ಮುಚ್ತೀನಿ."

ರೂಮೇ ಹಲ್ಲು ಕಚ್ಚಿ ಕೂತಳು. ಒಂದೇ ಒಂದು ಕಣವನ್ನೂ ಗುರುತಿಸುವ ಸೂಕ್ಷ್ಮ ಕಣ್ಣು ಯಂತ್ರದ್ದು. ಅದರ ಮೇಲೆ ಧಾರಾಳ ಬೆಳಕು ಸುರಿದರೆ, ಸೂರ್ಯನನ್ನು ದಿಟ್ಟಿಸಿದವನಂತೆ ಮಂಕಾಗಿ ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಬಿಡುತ್ತದೆ. ಲೇಸರ್ ಹೊತ್ತಿಸಿದಳು. ಸೈರನ್ನು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು. ಬೆಳಕು ತಗ್ಗಿಸಿದಳು, ಅರಚಿತು. ಮೆಲ್ಲಮೆಲ್ಲನೆ ಏರಿಸಿದಳು, ಇನ್ನೂ ಜೋರಾಗಿ ಅರಚಿತು.

"ಶಿಯಾವ್ ಟಾನ್, ಪುಟ್ಟೀ, ಕಳ್ಳತನಾನಾದ್ರೂ ಸದ್ದಿಲ್ದೆ ಮಾಡೋಕೆ ಬರಲ್ವೇನೇ?" ಪೆಂಗ್ ಏದುಸಿರು ಬಿಡುತ್ತ ಕೇಳಿದ.

"ಒಳ್ಳೆ ಗಂಡು ತೋರಿಸ್ತೀನಿ ಅಂದ್ರೆ ಬರಲ್ಲ, ಲೇಸರ್ ಹಿಡ್ಕೊಂಡು ಕೂತಿರ್ತಾಳೆ," ಎಂದಳು ಲೆಕ್ಕಪತ್ರದ ಹ್ವಾ ಅಕ್ಕ.

ಮಧ್ಯಾಹ್ನದ ಊಟವಾಯಿತು. ಎಲ್ಲರೂ ದಿನದ ರೂಢಿಯಂತೆ ಮಡಚು ಮಂಚ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ ಉರುಳಿದರು. ರೂಮೇ ಇವತ್ತು ಮಲಗಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ಲೇಸರ್ ಹೊತ್ತಿಸಿದಳು.

ಸದ್ದಿಲ್ಲ. ಪೆಂಗ್‌ನ ಗೊರಕೆಯೊಂದೇ. ಕೀಲಿ ಅಂಕಿಯಂಕಿಯಾಗಿ ಅವಳ ಪರದೆಗೆ ಇಳಿದುಬಂತು.

"ಕದ್ದೆ ಮೇಡಂ!" ಎಂದು ಅವಳು ಕೂಗಿದ ಕೂಗಿಗೆ ಇಡೀ ಮಹಡಿ ಎದ್ದು ಕೂತಿತು.

ಯಿನ್ ಹೋಲಿಸಿ ನೋಡಿದರು. ಅದೇ ಕೀಲಿ. "ಸೈರನ್ ಯಾಕೆ ಕೂಗಲಿಲ್ಲ?"

"ತಂತಿ ಕಿತ್ತಿಟ್ಟಿದ್ದೆ," ಪೆಂಗ್ ಆಕಳಿಸಿದ. "ಮನುಷ್ಯ ಅಂದ್ಮೇಲೆ ಒಂದು ಗಳಿಗೆ ನಿದ್ದೆ ಬೇಡ್ವಾ?"

"ಹಂಗಾದ್ರೆ ಇದು ಯಂತ್ರದ ತೂತಲ್ಲ."

"ಪೆಂಗಣ್ಣನೂ ಯಂತ್ರದ ಒಂದು ಭಾಗಾನೇ ಮೇಡಂ!" ರೂಮೇ ಪಟ್ಟು ಬಿಡಲಿಲ್ಲ. "ಯಂತ್ರ ಕೊಂಡುಕೊಳ್ಳೋರ ಆಫೀಸಲ್ಲಿ ಮಧ್ಯಾಹ್ನ ಮಲಗೋರೇ ಇರಲ್ವಾ?"

ಯಿನ್ ಯೋಚಿಸಿ ತಲೆದೂಗಿದರು. "ನಿಜ. ದೊಡ್ಡ ತೂತೇ ಹಿಡಿದೆ ನೀನು. ಇವತ್ತೇ ಮುಚ್ಚಬೇಕು." ರೂಮೇಯ ಎದೆ ಉಬ್ಬಿತು. "ಮಧ್ಯಾಹ್ನ ಸೈರನ್ ಕಾಯೋಕೆ ನಿದ್ದೆ ಮಾಡದವರು ಒಬ್ಬರು ಬೇಕು."

ಮಂಚಗಳ ಮೇಲಿದ್ದವರೆಲ್ಲ ಒಟ್ಟಿಗೆ ಅವಳತ್ತ ಬೆರಳು ತೋರಿಸಿದರು.

"ಮತ್ತೆ ನನ್ನ ವಿಭಾಗ?"

"ಅದ್ಯಾಕಮ್ಮ ಇನ್ನು? ಇದ್ದದ್ದೊಂದು ತೂತು, ಅದರ ಮೇಲೆ ನೀನೇ ಕೂತ್ಕೋತೀಯಲ್ಲ!"